ಡಾಕ್ಸಿಸೈಕ್ಲಿನ್: ರಾತ್ರಿ ಆಹಾರ-ನೀರು ಬಿಟ್ಟವರು ಈ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವ ಕ್ರಮ

ಮಳೆಗಾಲದಲ್ಲಿ ಜ್ವರ ಎಂದು ಆಸ್ಪತ್ರೆಗೆ ಹೋದವರ ಔಷಧ ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ಅದರ ಪಕ್ಕದಲ್ಲಿ 1-0-1 ಎಂದು ಬರೆದಿರುವುದು ಸಾಮಾನ್ಯ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಇದರ ಅರ್ಥ. ರಾತ್ರಿ ಎಂದರೆ ಎಂಟು ಅಥವಾ ಒಂಬತ್ತು ಗಂಟೆಗೆ, ಊಟವಾದ ಮೇಲೆ ಎಂದು ವೈದ್ಯರು ಭಾವಿಸಿರುತ್ತಾರೆ. ಸೂರ್ಯಾಸ್ತದ ನಂತರ ಆಹಾರ-ನೀರು ಮುಟ್ಟದ ಮನೆಯಲ್ಲಿ ಆ ಹೊತ್ತಿಗೆ ಅಡುಗೆಮನೆಯ ಬಾಗಿಲು ಮುಚ್ಚಿ ಎರಡು ಗಂಟೆಯಾಗಿರುತ್ತದೆ.

ಇಂಥ ಮನೆಗಳಲ್ಲಿ ಮೂರು ರೀತಿಯ ತಪ್ಪುಗಳು ನಡೆಯುತ್ತವೆ. ಕೆಲವರು ರಾತ್ರಿಯ ಮಾತ್ರೆಯನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಕೆಲವರು ಎರಡು ಮಾತ್ರೆಗಳನ್ನೂ ಬೆಳಿಗ್ಗೆಯೇ ನುಂಗುತ್ತಾರೆ. ಇನ್ನು ಕೆಲವರು ಸೂರ್ಯ ಮುಳುಗುವ ಹೊತ್ತಿಗೆ ಗಡಿಬಿಡಿಯಲ್ಲಿ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ, ಸುಸ್ತಾಗಿದೆ ಎಂದು ಮಲಗಿಬಿಡುತ್ತಾರೆ. ಮೂರೂ ತೊಂದರೆ ಕೊಡುತ್ತವೆ. ವೈದ್ಯರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅವರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಚೀಟಿ ಬರೆಯುವ ಮೊದಲೇ ಒಂದು ಮಾತು ಹೇಳಿದರೆ ಬಹುಪಾಲು ಸಂದರ್ಭಗಳಲ್ಲಿ ನಿಯಮವೂ ಉಳಿಯುತ್ತದೆ, ಚಿಕಿತ್ಸೆಯೂ ಸರಿಯಾಗಿ ನಡೆಯುತ್ತದೆ.

ಈ ಔಷಧ ಯಾವುದು, ಯಾವ ಕಾಯಿಲೆಗೆ

ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಎಂಬ ಗುಂಪಿಗೆ ಸೇರಿದ ಆ್ಯಂಟಿಬಯೋಟಿಕ್. ಈ ಗುಂಪಿನ ಮೊದಲ ಔಷಧ ಆರಿಯೋಮೈಸಿನ್. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಅದನ್ನು ಪಡೆದ ವಿಷಯ 1948ರಲ್ಲಿ ಪ್ರಕಟವಾಯಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಅದನ್ನು ಕಂಡುಹಿಡಿದಾಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್. ಡಾಕ್ಸಿಸೈಕ್ಲಿನ್ ಅದೇ ಗುಂಪಿನ ಸುಧಾರಿತ ಔಷಧವಾಗಿ 1967ರಿಂದ ಬಳಕೆಯಲ್ಲಿದೆ. ರೋಗಾಣು ತನಗೆ ಬೇಕಾದ ಪ್ರೋಟೀನ್ ತಯಾರಿಸಿಕೊಳ್ಳುವುದನ್ನು ಇದು ತಡೆಯುತ್ತದೆ. ಹಾಗಾಗಿ ರೋಗಾಣು ಬೆಳೆಯುವುದು ನಿಲ್ಲುತ್ತದೆ, ಉಳಿದ ಕೆಲಸವನ್ನು ದೇಹದ ರೋಗನಿರೋಧಕ ಶಕ್ತಿ ಮಾಡುತ್ತದೆ.

ಕರ್ನಾಟಕದಲ್ಲಿ ಇದನ್ನು ಬರೆದುಕೊಡುವ ಮುಖ್ಯ ಕಾಯಿಲೆಗಳಲ್ಲಿ ಎರಡನ್ನು ತಿಳಿದಿರಬೇಕು. ಮೊದಲನೆಯದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ. ಇಲಿ ಮತ್ತು ದನಕರುಗಳ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯದ ಮೂಲಕ ದೇಹ ಸೇರಿದರೆ ಇದು ಬರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಗದ್ದೆ, ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚು. ಎರಡನೆಯದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು ಕಚ್ಚಿದಾಗ ಬರುವ ಜ್ವರ ಇದು. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಕೆಲವರಿಗೆ ಕಾಣುತ್ತದೆ. ಕಂಕುಳು, ತೊಡೆಸಂದು, ಸೊಂಟದ ಸುತ್ತ ಅದನ್ನು ಹುಡುಕಬೇಕು. ಕಂಡರೆ ವೈದ್ಯರಿಗೆ ತಪ್ಪದೆ ತೋರಿಸಬೇಕು. ಇವಲ್ಲದೆ ಕೆಲವು ಎದೆಯ ಸೋಂಕು ಮತ್ತು ಮೊಡವೆಗೂ ಈ ಔಷಧ ಕೊಡುತ್ತಾರೆ.

ವೈರಸ್‌ನಿಂದ ಬರುವ ಜ್ವರಕ್ಕೆ ಇದು ಕೆಲಸ ಮಾಡುವುದಿಲ್ಲ. ಡೆಂಗಿ, ಶೀತಜ್ವರ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ಇವೆಲ್ಲ ವೈರಸ್ ಜ್ವರಗಳು. ಮೊದಲ ಎರಡು ಮೂರು ದಿನ ಇವೆಲ್ಲದರ ಲಕ್ಷಣ ಒಂದೇ ರೀತಿ ಇರುತ್ತದೆ: ಜ್ವರ, ತಲೆನೋವು, ಮೈಕೈ ನೋವು. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನೇ ತಂದು ನುಂಗುವುದು ಸರಿಯಲ್ಲ. ಔಷಧದ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬಾರದು ಎಂದರ್ಥ. ಇದರ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಜಾಗೃತಿ ಅಭಿಯಾನವನ್ನೇ ನಡೆಸಿದೆ.

ವೈದ್ಯರಿಗೆ ಮೊದಲೇ ಹೇಳಬೇಕಾದ ಮಾತುಗಳು

ಚೀಟಿ ಬರೆಯುವ ಮುನ್ನ ಈ ವಿಷಯಗಳನ್ನು ತಿಳಿಸಬೇಕು:

1. ಸೂರ್ಯಾಸ್ತದ ನಂತರ ಆಹಾರ ತೆಗೆದುಕೊಳ್ಳುವುದಿಲ್ಲ ಎಂಬುದು. ನೀರನ್ನೂ ಬಿಟ್ಟಿದ್ದರೆ ಅದನ್ನು ಬಿಡಿಸಿ ಹೇಳಬೇಕು. ಎರಡಕ್ಕೂ ವ್ಯತ್ಯಾಸವಿದೆ.
2. ಬೆಳಿಗ್ಗೆ ಎಷ್ಟು ಗಂಟೆಗೆ ಮೊದಲ ನೀರು, ಆಹಾರ ಎಂಬುದು.
3. ಉಪವಾಸ, ಏಕಾಸನ ಅಥವಾ ಆಯಂಬಿಲ ನಡೆಯುತ್ತಿದ್ದರೆ ಅಥವಾ ಹತ್ತಿರದಲ್ಲಿ ಸಂಕಲ್ಪವಿದ್ದರೆ ಅದು.
4. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಬೇರೆ ಔಷಧ ಕೊಡುತ್ತಾರೆ.
5. ಹಿಂದೆ ಯಾವುದಾದರೂ ಆ್ಯಂಟಿಬಯೋಟಿಕ್‌ನಿಂದ ಅಲರ್ಜಿ ಆಗಿದ್ದರೆ ಅದರ ಹೆಸರು.
6. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು. ಮುಖ್ಯವಾಗಿ ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಮೂಳೆಗೆ ಕೊಡುವ ಕ್ಯಾಲ್ಸಿಯಂ ಮಾತ್ರೆ.
7. ಲಿವರ್, ಮೂತ್ರಪಿಂಡ ಅಥವಾ ಅನ್ನನಾಳದ ತೊಂದರೆ ಇದ್ದರೆ ಅದು.

ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಿಂದ ಹಲ್ಲಿನ ಮೇಲೆ ಕಲೆ ಬೀಳಬಹುದೆಂಬ ಎಚ್ಚರಿಕೆ ಬಹಳ ಹಳೆಯದು. ಸ್ಕ್ರಬ್ ಟೈಫಸ್‌ನಂಥ ಅಪಾಯದ ಜ್ವರದಲ್ಲಿ ಡಾಕ್ಸಿಸೈಕ್ಲಿನ್ ಅನ್ನು ಕೆಲವೇ ದಿನ ಮಕ್ಕಳಿಗೂ ಕೊಡುತ್ತಾರೆ. ಅದು ವೈದ್ಯರು ತೂಗಿ ನೋಡಿ ಮಾಡುವ ನಿರ್ಧಾರ. ಹಳೆಯ ಮಾತು ಕೇಳಿ ಪೋಷಕರು ತಾವಾಗಿಯೇ ಔಷಧ ನಿಲ್ಲಿಸಬಾರದು.

ಹೊತ್ತು ಹೊಂದಿಸುವ ಲೆಕ್ಕ

ದಿನಕ್ಕೆ ಎರಡು ಬಾರಿ ಎಂದರೆ ಸುಮಾರು 12 ಗಂಟೆಗೊಮ್ಮೆ. ಹಗಲಿನೊಳಗೆ ಎರಡು ಡೋಸ್ ಹೊಂದಿಸಿದರೆ ಎಷ್ಟು ಅಂತರ ಸಿಗುತ್ತದೆ ಎಂದು ನೋಡೋಣ.

ಬೆಂಗಳೂರಿನಲ್ಲಿ ಜೂನ್ ಕೊನೆಯಲ್ಲಿ ಸೂರ್ಯೋದಯ ಸುಮಾರು 5.55ಕ್ಕೆ, ಸೂರ್ಯಾಸ್ತ ಸುಮಾರು 6.50ಕ್ಕೆ. ಬೆಳಿಗ್ಗೆ 6.30ಕ್ಕೆ ಒಂದು, ಸಂಜೆ 6 ಗಂಟೆಗೆ ಒಂದು ಎಂದರೆ ಹನ್ನೊಂದೂವರೆ ಗಂಟೆಯ ಅಂತರ ಸಿಗುತ್ತದೆ. ನವೆಂಬರ್ ಕೊನೆಯಲ್ಲಿ ಸೂರ್ಯೋದಯ ಸುಮಾರು 6.25ಕ್ಕೆ, ಸೂರ್ಯಾಸ್ತ ಸುಮಾರು 5.50ಕ್ಕೆ. ಸೂರ್ಯೋದಯದ ನಂತರ 48 ನಿಮಿಷ ಕಾಯುವವರು, ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಎಲ್ಲ ಮುಗಿಸುವವರು 7.15ರಿಂದ 5 ಗಂಟೆಯೊಳಗೆ ಎರಡನ್ನೂ ಹೊಂದಿಸಬೇಕು. ಆಗ ಹಗಲಿನ ಅಂತರ ಹತ್ತು ಗಂಟೆಗೆ ಸ್ವಲ್ಪ ಕಡಿಮೆ, ರಾತ್ರಿಯ ಅಂತರ 14 ಗಂಟೆಗೆ ಸ್ವಲ್ಪ ಹೆಚ್ಚು.

ಡಾಕ್ಸಿಸೈಕ್ಲಿನ್ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದಲ್ಲ. ಈ ಔಷಧ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 16ರಿಂದ 22 ಗಂಟೆ ಹಿಡಿಯುತ್ತದೆ. ಅಂದರೆ ರಾತ್ರಿ 14 ಗಂಟೆ ಕಳೆದರೂ ಅರ್ಧಕ್ಕಿಂತ ಹೆಚ್ಚು ಔಷಧ ದೇಹದಲ್ಲಿ ಉಳಿದಿರುತ್ತದೆ. ಆದ್ದರಿಂದ ಬೆಳಗಿನ ಮಾತ್ರೆಯನ್ನು ಆದಷ್ಟು ಬೇಗ, ಸಂಜೆಯದನ್ನು ಸೂರ್ಯಾಸ್ತಕ್ಕೆ ಮುಂಚೆ ತೆಗೆದುಕೊಳ್ಳುತ್ತೇನೆ ಎಂದರೆ ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪಿದ ಸಮಯವನ್ನು ಚೀಟಿಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಬೇರೆಯವರು ಔಷಧ ಕೊಡುವಾಗ ಗೊಂದಲ ಆಗುವುದಿಲ್ಲ.

ಸಂಜೆ ಬೇಗ ನುಂಗುವುದರಲ್ಲಿ ಒಂದು ಅನುಕೂಲವೂ ಇದೆ. ಡಾಕ್ಸಿಸೈಕ್ಲಿನ್ ನುಂಗಿದ ತಕ್ಷಣ ಮಲಗಬಾರದು ಎಂಬುದು ಎಲ್ಲರಿಗೂ ಕೊಡುವ ಸೂಚನೆ. ಐದೂವರೆಗೆ ನುಂಗಿದವರು ಮಲಗುವ ಹೊತ್ತಿಗೆ ಮೂರು ನಾಲ್ಕು ಗಂಟೆ ಕಳೆದಿರುತ್ತದೆ.

ಬೇರೆ ಆ್ಯಂಟಿಬಯೋಟಿಕ್ ಆದರೆ

ಮೇಲಿನ ಲೆಕ್ಕ ಡಾಕ್ಸಿಸೈಕ್ಲಿನ್‌ಗೆ ಮಾತ್ರ. ಎಲ್ಲ ಆ್ಯಂಟಿಬಯೋಟಿಕ್‌ಗಳಿಗೂ ಇದನ್ನೇ ಅನ್ವಯಿಸಬಾರದು. ಅಮಾಕ್ಸಿಸಿಲಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದೇ ಗಂಟೆ ಸಾಕು. ದಿನದ ಹೆಚ್ಚಿನ ಹೊತ್ತು ಔಷಧದ ಮಟ್ಟ ರೋಗಾಣುವನ್ನು ತಡೆಯುವಷ್ಟು ಇರಬೇಕು ಎಂಬ ಕಾರಣಕ್ಕೇ ಅದನ್ನು ದಿನಕ್ಕೆ ಮೂರು ಬಾರಿ ಬರೆಯುತ್ತಾರೆ. ಮೂರನ್ನೂ ಹಗಲಿನ ಹತ್ತು ಗಂಟೆಯೊಳಗೆ ತುರುಕಿದರೆ ರಾತ್ರಿ ಪೂರ್ತಿ ರೋಗಾಣುವಿಗೆ ಬಿಡುವು ಸಿಕ್ಕಂತೆ. ಅಂಥ ಔಷಧ ಬರೆದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಸೋಂಕಿಗೆ ದಿನಕ್ಕೆ ಒಂದು ಅಥವಾ ಎರಡು ಬಾರಿ ಸಾಕಾಗುವ ಔಷಧ ಇದೆಯೇ? ಅಜಿತ್ರೊಮೈಸಿನ್‌ನಂಥ ದಿನಕ್ಕೊಮ್ಮೆಯ ಔಷಧಗಳಿವೆ. ಆದರೆ ಯಾವುದು ಯಾವ ರೋಗಾಣುವಿಗೆ ಹೊಂದುತ್ತದೆ ಎಂಬುದು ವೈದ್ಯರಿಗೆ ಬಿಟ್ಟದ್ದು.

ಬೇರೆ ಔಷಧ ಹೊಂದುವುದಿಲ್ಲ, ರಾತ್ರಿ ಡೋಸ್ ಬೇಕೇ ಬೇಕು ಎಂದು ವೈದ್ಯರು ಹೇಳಿದರೆ ಅದನ್ನು ಗುಟ್ಟಾಗಿ ಬಿಡಬಾರದು. ರಾತ್ರಿ ಭೋಜನ ತ್ಯಾಗದ ನಿಯಮ ತೆಗೆದುಕೊಳ್ಳುವಾಗ ಔಷಧ ಮತ್ತು ನೀರಿಗೆ ವಿನಾಯಿತಿ ಇಟ್ಟುಕೊಂಡ ಶ್ರಾವಕ-ಶ್ರಾವಿಕೆಯರು ಅನೇಕರಿದ್ದಾರೆ. ಮೊದಲು ತಾವು ತೆಗೆದುಕೊಂಡ ನಿಯಮ ಏನಿತ್ತು ಎಂದು ನೆನಪು ಮಾಡಿಕೊಳ್ಳಬೇಕು. ವಿನಾಯಿತಿ ಇಲ್ಲದಿದ್ದರೆ ನಿಯಮ ಕೊಟ್ಟ ಗುರುಗಳ ಬಳಿ ವಿಷಯ ತಿಳಿಸಿ ಮಾರ್ಗದರ್ಶನ ಕೇಳಬೇಕು. ಜ್ವರದಲ್ಲಿ ಮಲಗಿರುವ ಹಿರಿಯರು ತಾವೇ ಹೋಗಲಾರರು, ಮನೆಯವರು ಆ ಕೆಲಸ ಮಾಡಬೇಕು.

ಮಾತ್ರೆ ನುಂಗುವ ಕ್ರಮ

ಡಾಕ್ಸಿಸೈಕ್ಲಿನ್‌ನಲ್ಲಿ ಆಮ್ಲದ ಗುಣವಿದೆ. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಕರಗಿದರೆ ಅಲ್ಲಿ ಹುಣ್ಣಾಗುತ್ತದೆ. ಮರುದಿನ ಎದೆಯ ನಡುವೆ ಉರಿ, ನೋವು, ಎಂಜಲು ನುಂಗಲೂ ಕಷ್ಟ. ಹೃದಯಾಘಾತ ಎಂದು ಹೆದರಿ ಆಸ್ಪತ್ರೆಗೆ ಓಡುವವರೂ ಇದ್ದಾರೆ. ಇದನ್ನು ತಪ್ಪಿಸುವ ಕ್ರಮ ಸುಲಭ:

1. ಕುಳಿತು ಅಥವಾ ನಿಂತು ನುಂಗಬೇಕು. ಮಲಗಿದಲ್ಲೇ ಬಾಯಿಗೆ ಹಾಕಬಾರದು.
2. ಮೊದಲು ಎರಡು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಳ್ಳಬೇಕು.
3. ಮಾತ್ರೆಯೊಂದಿಗೆ ಪೂರ್ತಿ ಒಂದು ದೊಡ್ಡ ಲೋಟ ನೀರು ಕುಡಿಯಬೇಕು. ಕಾಯಿಸಿ ಆರಿಸಿದ ನೀರು ಆಗುತ್ತದೆ.
4. ನಂತರ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಮಲಗಬಾರದು, ಬಗ್ಗಿ ಕೆಲಸ ಮಾಡಬಾರದು.
5. ಹೊಟ್ಟೆ ತೊಳಸುತ್ತಿದ್ದರೆ ತಿಂಡಿ ಅಥವಾ ಊಟದ ನಂತರ ತೆಗೆದುಕೊಳ್ಳಬಹುದು. ಆಹಾರದಿಂದ ಈ ಔಷಧದ ಕೆಲಸ ಹೆಚ್ಚು ಕುಗ್ಗುವುದಿಲ್ಲ.

ಸೂರ್ಯಾಸ್ತಕ್ಕೆ ಐದು ನಿಮಿಷ ಇರುವಾಗ ಆತುರದಲ್ಲಿ ನುಂಗುವವರು ಈ ಕ್ರಮದಲ್ಲಿ ತಪ್ಪುತ್ತಾರೆ. ನೀರು ಕಡಿಮೆ ಕುಡಿದಿದ್ದರೆ ಆಮೇಲೆ ಕುಡಿಯಲು ಅವಕಾಶವೂ ಇರುವುದಿಲ್ಲ. ಆದ್ದರಿಂದ ಸಂಜೆಯ ಡೋಸ್ ಅನ್ನು ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆಯಾದರೂ ಮುಂಚೆ, ಸಂಜೆಯ ಊಟದ ನಡುವೆ ಇಟ್ಟುಕೊಳ್ಳಬೇಕು. ಮಾತ್ರೆ ನುಂಗಿದ ಮೇಲೆ ಇನ್ನೆರಡು ತುತ್ತು ಊಟ, ಅದರ ಮೇಲೆ ನೀರು ಎಂದರೆ ಮಾತ್ರೆ ಹೊಟ್ಟೆಗೆ ಇಳಿದಿರುತ್ತದೆ.

ಹಾಲು, ಕಬ್ಬಿಣ, ಆ್ಯಸಿಡಿಟಿ ಔಷಧ

ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಷಿಯಂ, ಅಲ್ಯೂಮಿನಿಯಂ, ಸತು ಇವು ಡಾಕ್ಸಿಸೈಕ್ಲಿನ್ ಜೊತೆ ಹೊಟ್ಟೆಯಲ್ಲೇ ಅಂಟಿಕೊಳ್ಳುತ್ತವೆ. ಆಗ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಸತು ಇರುವ ವಿಟಮಿನ್ ಮಾತ್ರೆ, ಹೊಟ್ಟೆಯುರಿಗೆ ಕುಡಿಯುವ ಬಿಳಿ ಅಥವಾ ಗುಲಾಬಿ ಬಣ್ಣದ ದ್ರವ ಔಷಧ, ಇವುಗಳಿಗೂ ಡಾಕ್ಸಿಸೈಕ್ಲಿನ್‌ಗೂ ಎರಡು ಮೂರು ಗಂಟೆ ಅಂತರ ಬೇಕು. ಮಾತ್ರೆಯನ್ನು ಹಾಲಿನ ಜೊತೆ ನುಂಗದಿರುವುದು ಒಳ್ಳೆಯದು. ಹಾಲು, ಮೊಸರು, ಮಜ್ಜಿಗೆಯನ್ನು ಪೂರ್ತಿ ಬಿಡಬೇಕಾಗಿಲ್ಲ, ಹೊತ್ತು ಬೇರೆ ಮಾಡಿದರೆ ಸಾಕು.

ಹಗಲಿನೊಳಗೆ ಎಲ್ಲ ಮುಗಿಸುವವರಿಗೆ ಇಲ್ಲಿ ಹೊತ್ತಿನ ಹೊಂದಾಣಿಕೆ ಬೇಕು. ಬೆಳಿಗ್ಗೆ 7ಕ್ಕೆ ಡಾಕ್ಸಿಸೈಕ್ಲಿನ್, 10ಕ್ಕೆ ಹಾಲು, ಮಧ್ಯಾಹ್ನ ಒಂದರ ಊಟಕ್ಕೆ ಮಜ್ಜಿಗೆ, ಆಮೇಲೆ ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆ, ಸಂಜೆ 5ಕ್ಕೆ ಮತ್ತೆ ಡಾಕ್ಸಿಸೈಕ್ಲಿನ್. ಎಲ್ಲವೂ ಹೊಂದುತ್ತದೆ. ಏಳು ದಿನದ ಚಿಕಿತ್ಸೆಯಾದರೆ ಆ ಏಳು ದಿನ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಇನ್ನೂ ಸುಲಭ.

ಕ್ಯಾಪ್ಸೂಲೋ, ಮಾತ್ರೆಯೋ

ಡಾಕ್ಸಿಸೈಕ್ಲಿನ್ ಮಾತ್ರೆಯಾಗಿಯೂ ಕ್ಯಾಪ್ಸೂಲ್ ಆಗಿಯೂ ಸಿಗುತ್ತದೆ. ಕ್ಯಾಪ್ಸೂಲಿನ ಕವಚ ಹೆಚ್ಚಾಗಿ ಜೆಲಟಿನ್‌ನಿಂದ ಮಾಡಿದ್ದು. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುತ್ತದೆ. ಸಸ್ಯಮೂಲದ ಎಚ್‌ಪಿಎಂಸಿ ಕವಚವೂ ಇದೆ, ಆದರೆ ಕಡಿಮೆ. ಆಹಾರದ ಪೊಟ್ಟಣದ ಮೇಲಿರುವಂತೆ ಔಷಧದ ಮೇಲೆ ಹಸಿರು ಚುಕ್ಕೆ ಕಡ್ಡಾಯವಿಲ್ಲ. ಹಾಗಾಗಿ ನೋಡಿ ತಿಳಿಯುವುದು ಕಷ್ಟ.

ಸುಲಭ ದಾರಿ ಎಂದರೆ ಚೀಟಿ ಬರೆಯುವಾಗಲೇ ‘ಕ್ಯಾಪ್ಸೂಲ್ ಬೇಡ, ಮಾತ್ರೆ ಬರೆದುಕೊಡಿ’ ಎಂದು ಕೇಳುವುದು. ಔಷಧ ಅಂಗಡಿಯಲ್ಲಿ ಕ್ಯಾಪ್ಸೂಲ್ ಕೊಟ್ಟರೆ ಅಲ್ಲೇ ಕೇಳಿ ಬದಲಾಯಿಸಿಕೊಳ್ಳಬೇಕು. ಮನೆಗೆ ತಂದ ಮೇಲೆ ಕವಚ ಬಿಚ್ಚಿ ಪುಡಿಯನ್ನು ಮಾತ್ರ ಬಾಯಿಗೆ ಹಾಕುವ ಅಭ್ಯಾಸ ಕೆಲವರಲ್ಲಿದೆ. ಇದನ್ನು ಮಾಡಲೇಬಾರದು. ಆಮ್ಲದ ಗುಣದ ಪುಡಿ ಗಂಟಲು, ಅನ್ನನಾಳವನ್ನು ಸುಡುತ್ತದೆ, ಡೋಸ್ ಕೂಡ ಕಡಿಮೆಯಾಗುತ್ತದೆ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬಾರದು. ಮಾತ್ರೆ ನುಂಗಲು ಆಗದ ಹಿರಿಯರಿಗೆ ನೀರಿನಲ್ಲಿ ಕರಗುವ ಡಿಸ್ಪರ್ಸಿಬಲ್ ಮಾತ್ರೆ ಸಿಗುತ್ತದೆಯೇ ಎಂದು ಕೇಳಬಹುದು.

ಇನ್ನೊಂದು ಮಾತು. ರೋಗಿ ಗಂಭೀರ ಸ್ಥಿತಿಯಲ್ಲಿದ್ದು, ರಾತ್ರಿ ಹೊತ್ತು ಕ್ಯಾಪ್ಸೂಲ್ ಮಾತ್ರ ಸಿಕ್ಕಿದರೆ, ಮಾತ್ರೆ ಹುಡುಕುವ ನೆಪದಲ್ಲಿ ಮೊದಲ ಡೋಸ್ ಅನ್ನು ಒಂದು ದಿನ ಮುಂದೂಡುವುದು ಅಪಾಯ. ಸ್ಕ್ರಬ್ ಟೈಫಸ್‌ನಲ್ಲಿ ಔಷಧ ತಡವಾದಷ್ಟೂ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ತೊಂದರೆ ಹೆಚ್ಚು. ತಕ್ಷಣ ವೈದ್ಯರಿಗೆ ತಿಳಿಸಿದರೆ ಇಂಜೆಕ್ಷನ್ ಮೂಲಕ ಶುರು ಮಾಡುವುದೂ ಸೇರಿದಂತೆ ಬೇರೆ ದಾರಿಗಳಿರುತ್ತವೆ.

ಉಪವಾಸ ಮತ್ತು ಪರ್ವದ ದಿನಗಳು

ಪರ್ಯೂಷಣ ಮತ್ತು ದಶಲಕ್ಷಣ ಪರ್ವಗಳು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಇಲಿ ಜ್ವರ ಹೆಚ್ಚುವ ಕಾಲವೂ ಅದೇ. ಹಾಗಾಗಿ ಉಪವಾಸದ ಸಂಕಲ್ಪ ಮಾಡಿದವರಿಗೆ ನಡುವೆ ಜ್ವರ ಬರುವುದು ಅಪರೂಪವಲ್ಲ.

ಇಲಿ ಜ್ವರ ಮೂತ್ರಪಿಂಡವನ್ನು ಹಿಡಿಯುವ ಕಾಯಿಲೆ. ಜ್ವರ, ಬೆವರು, ವಾಂತಿಯಿಂದ ದೇಹದ ನೀರು ಆಗಲೇ ಕಡಿಮೆಯಾಗಿರುತ್ತದೆ. ಅದರ ಮೇಲೆ ನೀರೂ ಇಲ್ಲದ ಉಪವಾಸ ಮಾಡಿದರೆ ಮೂತ್ರಪಿಂಡದ ಮೇಲೆ ಹೊರೆ ಹೆಚ್ಚುತ್ತದೆ. ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ಹದಿಮೂರು ಗಂಟೆ ನೀರಿಲ್ಲದೆ ಇರುವುದು ಆರೋಗ್ಯವಂತರಿಗೆ ಅಭ್ಯಾಸ, ಜ್ವರದವರಿಗೆ ಹಾಗಲ್ಲ. ಆದ್ದರಿಂದ ನೀರಿನ ನಿಯಮದ ಬಗ್ಗೆ ವೈದ್ಯರ ಸ್ಪಷ್ಟ ಅಭಿಪ್ರಾಯ ಕೇಳಬೇಕು. ಅವರು ರಾತ್ರಿಯೂ ನೀರು ಬೇಕು ಎಂದರೆ ಅದನ್ನು ಗುರುಗಳಿಗೆ ತಿಳಿಸಬೇಕು. ಹಗಲಿನಲ್ಲಿ ಕಾಯಿಸಿದ ನೀರು, ಗಂಜಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು. ಮೂತ್ರಪಿಂಡದ ಹಳೆಯ ಕಾಯಿಲೆ ಇರುವವರು ಎಳನೀರಿನ ಬಗ್ಗೆ ಮೊದಲು ಕೇಳಬೇಕು.

ತ್ಯಾಗಿಗಳ ಸೇವೆಯಲ್ಲಿರುವವರಿಗೆ

ದಿಗಂಬರ ಮುನಿಗಳು ದಿನಕ್ಕೆ ಒಂದೇ ಬಾರಿ ಆಹಾರ-ನೀರು ಸ್ವೀಕರಿಸುತ್ತಾರೆ. ಔಷಧವೂ ಆ ಹೊತ್ತಿಗೇ. ಹೀಗಾಗಿ ವೈದ್ಯರಿಗೆ ದಿನಕ್ಕೊಮ್ಮೆ ಮಾತ್ರ ಅವಕಾಶ ಎಂಬುದನ್ನು ಮೊದಲೇ ವಿವರಿಸಿ, ಅದಕ್ಕೆ ಹೊಂದುವ ಔಷಧ ಮತ್ತು ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಬೇಕು. ಎರಡು ಡೋಸ್ ಅನ್ನು ಶ್ರಾವಕರು ತಾವೇ ಸೇರಿಸಿ ಕೊಡಬಾರದು. ಮಾತ್ರೆಯನ್ನು ಆಹಾರದ ಕೊನೆಗೆ ಕೊಟ್ಟರೆ ಮೇಲೆ ನೀರು ಸಾಕಾಗುವುದಿಲ್ಲ. ಆಹಾರದ ನಡುವೆ ಕೊಟ್ಟು, ನಂತರ ನೀರು ಮತ್ತು ಉಳಿದ ಆಹಾರ ಕೊಡುವುದು ಸರಿ. ಆ ದಿನ ಹಾಲನ್ನು ಮಾತ್ರೆಯ ಜೊತೆಗೆ ಕೊಡದಂತೆ ಆಹಾರ ನೀಡುವ ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಅಡ್ಡ ಪರಿಣಾಮಗಳು: ಮನೆಯಲ್ಲೇ ನಿಭಾಯಿಸಬಹುದಾದವು

ಹೊಟ್ಟೆ ತೊಳಸುವಿಕೆ, ವಾಕರಿಕೆ: ಖಾಲಿ ಹೊಟ್ಟೆಯಲ್ಲಿ ಹೆಚ್ಚು. ಇಡ್ಲಿ, ಉಪ್ಪಿಟ್ಟು, ಗಂಜಿಯ ನಂತರ ತೆಗೆದುಕೊಂಡರೆ ಕಡಿಮೆಯಾಗುತ್ತದೆ.

ಸ್ವಲ್ಪ ಭೇದಿ: ದಿನಕ್ಕೆ ಎರಡು ಮೂರು ಸಲ ತೆಳುವಾಗಿ ಹೋದರೆ ನೀರು, ಓಆರ್‌ಎಸ್ ಸಾಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಕೇಳದೆ ನುಂಗಬಾರದು. ಮಜ್ಜಿಗೆಯನ್ನು ಮಧ್ಯಾಹ್ನದ ಹೊತ್ತಿಗೆ ತೆಗೆದುಕೊಳ್ಳಬಹುದು.

ಬಿಸಿಲಿಗೆ ಚರ್ಮ ಸುಡುವುದು: ಈ ಔಷಧ ನುಂಗುವಾಗ ಸಾಮಾನ್ಯ ಬಿಸಿಲಿಗೂ ಚರ್ಮ ಕೆಂಪಾಗಿ ಉರಿಯಬಹುದು. ತೋಟದ ಕೆಲಸ, ಮೆರವಣಿಗೆ, ವಿಹಾರದಲ್ಲಿ ಜೊತೆ ನಡೆಯುವುದು, ಬೆಟ್ಟ ಹತ್ತುವುದು ಇವನ್ನೆಲ್ಲ ಆ ದಿನಗಳಲ್ಲಿ ತಪ್ಪಿಸಬೇಕು. ಹೊರಗೆ ಹೋಗಲೇಬೇಕಾದರೆ ತುಂಬುತೋಳಿನ ಬಟ್ಟೆ, ಕೊಡೆ ಇರಲಿ.

ಬಾಯಲ್ಲಿ ಬಿಳಿ ಪದರ, ಹೆಂಗಸರಲ್ಲಿ ತುರಿಕೆ ಮತ್ತು ಬಿಳಿಸ್ರಾವ: ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದಾಗ ಶಿಲೀಂಧ್ರ ಬೆಳೆದು ಹೀಗಾಗುತ್ತದೆ. ಸಂಕೋಚಪಡದೆ ವೈದ್ಯರಿಗೆ ಹೇಳಬೇಕು, ಸುಲಭದ ಚಿಕಿತ್ಸೆ ಇದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು.

ಇಲಿ ಜ್ವರಕ್ಕೆ ಮೊದಲ ಡೋಸ್ ನುಂಗಿದ ಕೆಲವು ಗಂಟೆಗಳಲ್ಲಿ ಕೆಲವರಿಗೆ ಚಳಿ-ಜ್ವರ ಒಮ್ಮೆಲೇ ಹೆಚ್ಚುವುದುಂಟು. ರೋಗಾಣುಗಳು ಒಡೆಯುವಾಗ ದೇಹ ತೋರಿಸುವ ಪ್ರತಿಕ್ರಿಯೆ ಇದು. ಮಾತ್ರೆ ಒಗ್ಗಲಿಲ್ಲ ಎಂದು ನಿಲ್ಲಿಸದೆ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

1. ಮುಖ, ತುಟಿ, ನಾಲಿಗೆ ಊದುವುದು, ಉಸಿರಾಟದ ತೊಂದರೆ, ಮೈಯೆಲ್ಲ ದದ್ದು. ಇದು ಅಲರ್ಜಿ, ನಿಮಿಷಗಳಲ್ಲಿ ಹೆಚ್ಚಾಗಬಹುದು. 108ಕ್ಕೆ ಕರೆ ಮಾಡಬೇಕು.
2. ಚರ್ಮ ಗುಳ್ಳೆಯೆದ್ದು ಸುಲಿಯುವುದು, ಬಾಯಿ-ಕಣ್ಣಿನಲ್ಲಿ ಹುಣ್ಣು.
3. ನೀರಿನಂಥ ಭೇದಿ ಮೇಲಿಂದ ಮೇಲೆ, ರಕ್ತ ಬೀಳುವುದು, ಹೊಟ್ಟೆ ಹಿಡಿದುಕೊಳ್ಳುವುದು. ಮಾತ್ರೆ ಮುಗಿದ ಕೆಲವು ವಾರಗಳ ನಂತರವೂ ಇದು ಬರಬಹುದು.
4. ಎದೆಯ ನಡುವೆ ನೋವು, ನುಂಗಲು ಕಷ್ಟ. ಹುಣ್ಣು ಇರಬಹುದು, ಹೃದಯದ್ದೂ ಇರಬಹುದು. ಮನೆಯಲ್ಲಿ ಕೂತು ತೀರ್ಮಾನಿಸುವುದು ಬೇಡ.
5. ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು.
6. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಅಥವಾ ಗಾಢ ಬಣ್ಣ, ಉಸಿರು ಕಟ್ಟುವುದು, ಮಂಪರು. ಇವು ಕಾಯಿಲೆಯೇ ಉಲ್ಬಣಿಸಿದ ಸೂಚನೆ ಇರಬಹುದು, ಮಾತ್ರೆ ಸಾಕಾಗುವುದಿಲ್ಲ.

ಸ್ಕ್ರಬ್ ಟೈಫಸ್‌ನಲ್ಲಿ ಔಷಧ ಶುರುವಾದ 48 ಗಂಟೆಯೊಳಗೆ ಜ್ವರ ಇಳಿಯುವುದು ಸಾಮಾನ್ಯ. ಎರಡು ಮೂರು ದಿನವಾದರೂ ಇಳಿಯದಿದ್ದರೆ ಮತ್ತೆ ತೋರಿಸಬೇಕು. ಹಾಗೆ ಹೋದಾಗ ಎಷ್ಟು ಡೋಸ್ ತಪ್ಪಿದೆ ಎಂದು ನಿಜ ಹೇಳಬೇಕು. ಇಲ್ಲದಿದ್ದರೆ ಈ ಔಷಧ ಕೆಲಸ ಮಾಡಲಿಲ್ಲ ಎಂದು ತಿಳಿದು ವೈದ್ಯರು ಇನ್ನೂ ದೊಡ್ಡ ಔಷಧಕ್ಕೆ ಹೋಗಬೇಕಾಗುತ್ತದೆ.

ಔಷಧದಿಂದ ತೊಂದರೆಯಾಗಿದ್ದರೆ ಅದನ್ನು ವರದಿ ಮಾಡಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ರೋಗಿಯ ಮನೆಯವರೂ ಕರೆ ಮಾಡಬಹುದು.

ಡೋಸ್ ತಪ್ಪಿದರೆ, ಮಾತ್ರೆ ಉಳಿದರೆ

ಬೆಳಗಿನ ಮಾತ್ರೆ ಮರೆತಿದ್ದು ಹತ್ತು ಗಂಟೆಗೆ ನೆನಪಾದರೆ ಆಗಲೇ ತೆಗೆದುಕೊಳ್ಳಬೇಕು. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಡಬೇಕು. ಎರಡನ್ನು ಒಟ್ಟಿಗೆ ನುಂಗಬಾರದು. ಸಂಜೆಯ ಡೋಸ್ ಮರೆತು ಸೂರ್ಯಾಸ್ತವಾಗಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲ ದಿನವೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಇನ್ನೊಂದು ನುಂಗುವ ಮೊದಲು ಫೋನ್ ಮಾಡಿ ಕೇಳಬೇಕು.

ಮರೆವು ತಪ್ಪಿಸಲು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎರಡು ಗೆರೆ ಹಾಕುವ ಪದ್ಧತಿ ಒಳ್ಳೆಯದು. ಅಂಗಡಿಯ ದಿನದ ಲೆಕ್ಕದಂತೆ ಅಲ್ಲಲ್ಲೇ ಬರೆದರೆ ಸಂದೇಹ ಬರುವುದಿಲ್ಲ. ಇಲಿ ಜ್ವರ, ಸ್ಕ್ರಬ್ ಟೈಫಸ್‌ಗೆ ಸಾಮಾನ್ಯವಾಗಿ ಏಳು ದಿನ ಬರೆಯುತ್ತಾರೆ. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು ಎಂದು ನಿಲ್ಲಿಸಬಾರದು. ಒಳ್ಳೆಯದಾಯಿತು ಎಂದು ಹತ್ತು ದಿನಕ್ಕೆ ಎಳೆಯಲೂಬಾರದು.

ಮಾತ್ರೆ ಉಳಿದರೆ ಮುಂದಿನ ಮಳೆಗಾಲಕ್ಕೆಂದು ಡಬ್ಬಿಯಲ್ಲಿ ಇಡಬಾರದು. ಅವಧಿ ಮೀರಿ ಕೆಟ್ಟ ಹಳೆಯ ಟೆಟ್ರಾಸೈಕ್ಲಿನ್‌ನಿಂದ ಮೂತ್ರಪಿಂಡಕ್ಕೆ ಹಾನಿಯಾದ ದಾಖಲೆಗಳಿವೆ. ಚರಂಡಿಗೆ, ಬಾವಿಕಟ್ಟೆಗೆ, ಗದ್ದೆಗೆ ಎಸೆಯಬಾರದು. ಮಣ್ಣು-ನೀರಿಗೆ ಸೇರಿದ ಆ್ಯಂಟಿಬಯೋಟಿಕ್ ಅಲ್ಲಿನ ಅಸಂಖ್ಯ ಜೀವಿಗಳಿಗೆ ಹಾನಿ, ಜೊತೆಗೆ ಔಷಧಕ್ಕೆ ಬಗ್ಗದ ರೋಗಾಣು ಬೆಳೆಯಲು ಕಾರಣ. ಔಷಧ ಅಂಗಡಿಯವರು ಹಿಂದಕ್ಕೆ ಪಡೆದರೆ ಅವರಿಗೆ ಕೊಡಬೇಕು. ಇಲ್ಲದಿದ್ದರೆ ಪಟ್ಟಿಯಿಂದ ಬಿಡಿಸಿ, ಬೂದಿ ಅಥವಾ ಕಾಫಿ ಚರಟದಲ್ಲಿ ಬೆರೆಸಿ, ಗಟ್ಟಿ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಬೇಕು.

ಜೇಬಿನಲ್ಲಿ ಇಟ್ಟುಕೊಳ್ಳುವ ಚೀಟಿ

ಹಿರಿಯರು ವೈದ್ಯರ ಮುಂದೆ ಈ ಮಾತುಗಳನ್ನು ಹೇಳಲು ಹಿಂಜರಿಯುತ್ತಾರೆ. ಜ್ವರದಲ್ಲಿ ನೆನಪೂ ಇರುವುದಿಲ್ಲ. ಕೆಳಗಿನ ಸಾಲುಗಳನ್ನು ಒಂದು ಕಾಗದದಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದರೆ ಯಾರು ಕರೆದುಕೊಂಡು ಹೋದರೂ ತೋರಿಸಬಹುದು:

‘ನಾನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಆಹಾರ ತೆಗೆದುಕೊಳ್ಳುವುದಿಲ್ಲ. ನೀರು: ತೆಗೆದುಕೊಳ್ಳುತ್ತೇನೆ / ಇಲ್ಲ. ಔಷಧಕ್ಕೆ ವಿನಾಯಿತಿ: ಇದೆ / ಇಲ್ಲ. ಹಗಲಿನಲ್ಲೇ ಮುಗಿಯುವ ಡೋಸ್ ಸಾಧ್ಯವಿದ್ದರೆ ಬರೆದುಕೊಡಿ. ಕ್ಯಾಪ್ಸೂಲ್ ಬದಲು ಮಾತ್ರೆ ಕೊಡಿ. ರಾತ್ರಿ ಔಷಧ ಅಥವಾ ನೀರು ಬೇಕೇ ಬೇಕಾದರೆ ನನ್ನ ಮನೆಯವರಿಗೆ ಬಿಡಿಸಿ ಹೇಳಿ. ನನಗೆ ಅಲರ್ಜಿ ಇರುವ ಔಷಧ: … ನಾನು ದಿನವೂ ನುಂಗುವ ಮಾತ್ರೆಗಳು: …’

ಈ ಚೀಟಿ ತುಂಬಲು ಹತ್ತು ನಿಮಿಷ ಸಾಕು. ಮನೆಯಲ್ಲಿ ನಿಯಮ ಪಾಲಿಸುವ ಹಿರಿಯರಿದ್ದರೆ ಮಳೆಗಾಲ ಶುರುವಾಗುವ ಮೊದಲೇ ಅವರ ಜೊತೆ ಕೂತು ಇದನ್ನು ತುಂಬಿಸಿಡುವುದು ಮಕ್ಕಳ, ಸೊಸೆಯಂದಿರ ಕೆಲಸ.